ಹುಟ್ಟಿದ ಇಸವಿಯ ನೆಪ

ಅಪ್ಪನಿಗೆ ಹೆದರಿದ ಕಡೆಯ ತಲೆಮಾರು ನಮ್ಮದು, ಮಕ್ಕಳಿಗೆ ಹೆದರುವ ಮೊದಲ ತಲೆಮಾರೂ ನಮ್ಮದೇ ಎಂಬ ಮಾತು ಈಚಿನ ಕೆಲವು ವರ್ಷಗಳಿಂದ ಮೊಬೈಲಿನಿಂದ ಮೊಬೈಲಿಗೆ ಹಾರುತ್ತ, ಮದುವೆಮನೆಯ ಊಟದ ಸಾಲುಗಳಲ್ಲಿಯೂ ಶಾಲಾ ವಾರ್ಷಿಕೋತ್ಸವದ ವೇದಿಕೆಗಳಲ್ಲಿಯೂ ಪುನರುಕ್ತವಾಗುತ್ತ, ಕಡೆಗೆ ಯಾರೂ ಪರೀಕ್ಷಿಸದೆ ಒಪ್ಪಿಕೊಳ್ಳುವ ಸಿದ್ಧವಾಕ್ಯಗಳ ನಡುವೆ ತಾನೂ ಒಂದು ಸ್ಥಾನವನ್ನು ಸಂಪಾದಿಸಿಕೊಂಡು ಕುಳಿತಿದೆ. ಇದನ್ನು ಹೇಳುವವರು ಬಹುಮಟ್ಟಿಗೆ 1981ಕ್ಕೂ 1996ಕ್ಕೂ ನಡುವೆ ಹುಟ್ಟಿ, ಈಗ ಶಾಲೆಗೆ ಹೋಗುವ ಮಕ್ಕಳ ತಾಯ್ತಂದೆಗಳಾಗಿರುವವರು. ತಮ್ಮನ್ನು ‘ಮಿಲೇನಿಯಲ್’ ಎಂದೂ, ತಮ್ಮ ಹೆತ್ತವರನ್ನು ‘ಬೂಮರ್’ ಎಂದೂ, ತಮ್ಮ ಮಕ್ಕಳನ್ನು ‘ಆಲ್ಫಾ’ ಎಂದೂ ಕರೆದುಕೊಂಡು, ಆ ಹೆಸರುಗಳ ಹಿಂದೆ ಬರುವ ಗುಣದೋಷಗಳ ಪಟ್ಟಿಯನ್ನೂ ನಗುನಗುತ್ತ ಸ್ವೀಕರಿಸಿಬಿಡುವುದು ಬೆಂಗಳೂರು ಮೈಸೂರುಗಳಲ್ಲಿ ಮಾತ್ರವೇ ಕಾಣುವ ರೂಢಿಯಾಗಿ ಉಳಿದಿಲ್ಲ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆಯಲ್ಲಿ, ಪಾಂಡವಪುರದಲ್ಲಿ, ಶ್ರೀರಂಗಪಟ್ಟಣದಲ್ಲಿ, ನಾಗಮಂಗಲದಲ್ಲಿ ಮಕ್ಕಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ನಿಂತ ತಂದೆತಾಯಿಗಳ ಬಾಯಲ್ಲಿಯೂ ಅದೇ ಮಾತು. ಹೆಸರು ತಿಳಿಯದವರು “ಈಗಿನ್ ಕಾಲದ್ ಮಕ್ಳೇ ಹಂಗೆ ಕಣಣ್ಣ” ಎನ್ನುತ್ತಾರೆ. ತಿಳಿದವರು ಅದಕ್ಕೊಂದು ಇಂಗ್ಲಿಷು ಹೆಸರಿಡುತ್ತಾರೆ. ಅಭಿಪ್ರಾಯ ಒಂದೇ.

ಇಷ್ಟು ನಿರುಪದ್ರವವಾಗಿ ತೋರುವ ವಿನೋದವನ್ನು ಹಿಡಿದು ಖಂಡಿಸಹೊರಡುವುದು ಸೊಳ್ಳೆಯ ಮೇಲೆ ಬಿಲ್ಲೇರಿಸಿದಂತಾಗದೆ ಎಂದು ಕೇಳುವವರು ಕೇಳಬಹುದು. ವಿನೋದವಾಗಿ ಹುಟ್ಟಿದ್ದು ವಿನೋದವಾಗಿಯೇ ಸತ್ತಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಆದರೆ ಹುಟ್ಟಿದ ಇಸವಿಯಿಂದ ಮನುಷ್ಯನ ಸ್ವಭಾವವನ್ನು ನಿರ್ಣಯಿಸುವ ಈ ಅಭ್ಯಾಸ ಹಿರಿಯರಿಗೆ ಅಪಚಾರವನ್ನೂ ಕಿರಿಯರಿಗೆ ಅನ್ಯಾಯವನ್ನೂ ಏಕಕಾಲಕ್ಕೆ ಮಾಡಿ, ನಡುವೆ ನಿಂತ ತಾಯ್ತಂದೆಗಳಿಗೆ ತಮ್ಮ ಹೊಣೆಯಿಂದ ಜಾರಿಕೊಳ್ಳಲು ಒಂದು ಸುಲಭವಾದ ದಾರಿಯನ್ನು ತೋರಿಸುತ್ತಿದೆಯೆಂಬುದೂ, ಅದು ನಮ್ಮ ನಾಡಿನ ನಿಜಸ್ಥಿತಿಗೆ ಯಾವ ವಿಧದಲ್ಲಿಯೂ ಹೊಂದದೆಂಬುದೂ ನನ್ನ ವಾದ.

ನ್ಯಾಯವಾಗಿ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸಬೇಕು. ಕಾಲವು ಮನುಷ್ಯನನ್ನು ರೂಪಿಸುತ್ತದೆ, ಎಸ್.ಟಿ.ಡಿ. ಬೂತಿನ ಮುಂದೆ ಸರದಿ ನಿಂತವನೂ, ಹುಟ್ಟುವಾಗಲೇ ಮನೆಯಲ್ಲಿ ಮೂರು ಮೊಬೈಲುಗಳನ್ನು ಕಂಡವನೂ ಒಂದೇ ಬಗೆಯಾಗಿ ಆಲೋಚಿಸಲಾರರು. ಆದುದರಿಂದ ಒಂದೇ ಕಾಲದಲ್ಲಿ ಹುಟ್ಟಿದವರಿಗೆ ಒಂದು ಸಮಾನವಾದ ಸ್ವಭಾವವಿರುವುದು ಸಹಜವೆಂಬುದು ಅವರ ಮೊದಲನೆಯ ಯುಕ್ತಿ. ಮಕ್ಕಳನ್ನು ಬೆಳೆಸುವುದು ಕಷ್ಟದ ಕೆಲಸ, ಅದರಲ್ಲಿ ತಪ್ಪುವವನು ತಾನೊಬ್ಬನೇ ಅಲ್ಲ, ತನ್ನ ವಯಸ್ಸಿನವರೆಲ್ಲರೂ ಹೀಗೆಯೇ ತಡವರಿಸುತ್ತಿದ್ದಾರೆ ಎಂದು ತಿಳಿದಾಗ ಮನಸ್ಸಿಗೆ ಒಂದು ಸಮಾಧಾನ ಸಿಕ್ಕುತ್ತದೆಂಬುದು ಎರಡನೆಯದು. ಅಜ್ಜಿಗೂ ತಾಯಿಗೂ ಕೂಸಿನ ವಿಷಯದಲ್ಲಿ ಬರುವ ಜಗಳಗಳು ವ್ಯಕ್ತಿಗಳ ಜಗಳಗಳಲ್ಲ, ಕಾಲಗಳ ಜಗಳಗಳು ಎಂದರಿತರೆ ಮನೆಯಲ್ಲಿ ವೈಮನಸ್ಯ ಕಡಮೆಯಾದೀತೆಂಬುದು ಮೂರನೆಯದು. ಮಗುವಿನ ತಲೆಮಾರಿನ ಲಕ್ಷಣವನ್ನು ತಿಳಿದುಕೊಂಡರೆ ಮಗುವನ್ನು ತಿಳಿದುಕೊಂಡಂತೆಯೇ ಎಂಬುದು ನಾಲ್ಕನೆಯದು. ಈ ನಾಲ್ಕರಲ್ಲಿಯೂ ಒಂದೊಂದು ಹಿಡಿಯಷ್ಟು ಸತ್ಯವಿರುವುದರಿಂದಲೇ ಇವು ಇಷ್ಟು ಜನರನ್ನು ವಶಮಾಡಿಕೊಂಡಿರುವುದು.

ಈ ಹೆಸರುಗಳ ವಂಶಾವಳಿಯನ್ನು ಮೊದಲು ವಿಚಾರಿಸೋಣ. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ ಮೇಲೆ ಅಮೆರಿಕದಲ್ಲಿ ಜನನಪ್ರಮಾಣ ಒಮ್ಮೆಲೇ ಏರಿ, 1946ರಿಂದ 1964ರವರೆಗೆ ಆ ಭರವು ಇಳಿಯದೆ ಮುಂದುವರಿದುದರಿಂದ, ಆಗ ಹುಟ್ಟಿದವರಿಗೆ ‘ಬೂಮರ್’ ಎಂಬ ಹೆಸರು ಅಲ್ಲಿ ಸಾರ್ಥಕವಾಯಿತು. ಅದೇ ವರ್ಷಗಳಲ್ಲಿ ನಮ್ಮ ರೈತ ಯುದ್ಧಕಾಲದ ಲೆವಿ ಪಡಿತರಗಳ ಬವಣೆಯಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದನು. 1947ರಲ್ಲಿ ಮೈಸೂರು ಚಲೋ ಚಳವಳಿ ನಡೆದು ಜವಾಬ್ದಾರಿ ಸರ್ಕಾರ ಬಂದುದು ಅವನ ಕಾಲದ ದೊಡ್ಡ ಘಟನೆ. ಅಮೆರಿಕದ ಆ ಐಶ್ವರ್ಯದ ಗಾಳಿ ಅಕ್ಕಿಹೆಬ್ಬಾಳಿನ ಕಡೆಗಾಗಲಿ ಬೆಳ್ಳೂರಿನ ಕಡೆಗಾಗಲಿ ಬೀಸಿದುದಕ್ಕೆ ಯಾವ ಕುರುಹೂ ಇಲ್ಲ. ‘ಮಿಲೇನಿಯಲ್’ ಎಂಬುದು ವಿಲಿಯಂ ಸ್ಟ್ರಾಸ್, ನೀಲ್ ಹೋವ್ ಎಂಬಿಬ್ಬರು 1991ರಲ್ಲಿ ಪ್ರಕಟಿಸಿದ ಅಮೆರಿಕದ ಇತಿಹಾಸವನ್ನು ಕುರಿತ ಗ್ರಂಥದಿಂದ ಪ್ರಚಾರಕ್ಕೆ ಬಂದುದು. ‘ಆಲ್ಫಾ’ ಎಂಬುದನ್ನು ಹುಟ್ಟುಹಾಕಿದವನು ಆಸ್ಟ್ರೇಲಿಯದ ಮಾರ್ಕ್ ಮೆಕ್ರಿಂಡಲ್ ಎಂಬ ಸಮೀಕ್ಷಕ. ಹೀಗೆ ಅನ್ಯದೇಶಗಳ ಚರಿತ್ರೆಯನ್ನು ಅಳೆಯುವುದಕ್ಕೆಂದು ಮಾಡಿದ ಕೋಲುಗಳಿಂದ ನಾವು ನಮ್ಮ ಮನೆಯ ಮಕ್ಕಳನ್ನು ಅಳೆಯುತ್ತಿದ್ದೇವೆ.

ಆ ಕೋಲುಗಳ ವಿಷಯದಲ್ಲಿ ಅವುಗಳಲ್ಲಿ ಹೆಚ್ಚಿನವು ಹುಟ್ಟಿದ ಅಮೆರಿಕದಲ್ಲಿಯೇ ವಿಶ್ವಾಸ ಸಡಿಲಿದೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಫಿಲಿಪ್ ಕೋಹೆನ್ ಮುಂದಾಳಾಗಿ, ನೂರಕ್ಕೂ ಹೆಚ್ಚು ಮಂದಿ ವಿದ್ವಾಂಸರು 2021ರಲ್ಲಿ ಪ್ಯೂ ಸಂಶೋಧನ ಸಂಸ್ಥೆಗೆ ಬಹಿರಂಗಪತ್ರ ಬರೆದು, ಶಾಸ್ತ್ರೀಯವಾದ ಆಧಾರವಿಲ್ಲದ ಈ ತಲೆಮಾರಿನ ಹೆಸರುಗಳ ಬಳಕೆಯನ್ನು ಬಿಡಬೇಕೆಂದು ಕೇಳಿಕೊಂಡರು. 1981ರಿಂದ 1996ರವರೆಗೆ ಎಂಬ ಗೆರೆಯನ್ನು ಎಳೆದು ಪ್ರಚಾರಪಡಿಸಿದ ಆ ಸಂಸ್ಥೆಯೇ 2023ರಲ್ಲಿ ಇನ್ನು ಮುಂದೆ ಈ ವಿಭಾಗಗಳನ್ನು ಬಹು ಎಚ್ಚರಿಕೆಯಿಂದ ಮಾತ್ರ ಬಳಸುವುದಾಗಿ ಸಾರಿತು. ಇವರೆಲ್ಲರಿಗಿಂತಲೂ ಬಹಳ ಹಿಂದೆ, 1928ರಲ್ಲಿ, ತಲೆಮಾರುಗಳ ಸಮಸ್ಯೆಯನ್ನು ಕುರಿತು ಬರೆದ ಕಾರ್ಲ್ ಮ್ಯಾನ್‌ಹೈಮ್, 1800ರ ಸುಮಾರಿನಲ್ಲಿ ಚೀನಾದಲ್ಲಿದ್ದ ತರುಣರನ್ನೂ ಪ್ರಷ್ಯಾದಲ್ಲಿದ್ದ ತರುಣರನ್ನೂ ಸಮವಯಸ್ಕರೆಂಬ ಒಂದೇ ಕಾರಣದಿಂದ ಒಂದು ತಲೆಮಾರೆಂದು ಎಣಿಸಲಾಗದೆಂದೂ, ಒಂದೇ ದೇಶದಲ್ಲಿಯೂ ನಗರದ ಕ್ಷೋಭೆಗಳು ಮುಟ್ಟದ ದೂರದ ಹಳ್ಳಿಯ ರೈತನನ್ನು ನಗರದ ತರುಣನ ಜತೆಗೆ ಸೇರಿಸಲಾಗದೆಂದೂ ಸ್ಪಷ್ಟವಾಗಿ ಹೇಳಿದ್ದನು. ಮೂಲ ಪುರುಷನೇ ಹಾಕಿದ ಈ ಕಟ್ಟಳೆಯನ್ನು ನಮ್ಮ ಅನುಯಾಯಿಗಳು ಮೀರಿದ್ದಾರೆ.

ಜನ್ಮವರ್ಷ ಒಂದಾದ ಮಾತ್ರಕ್ಕೆ ಜೀವನ ಒಂದಾಗದೆಂಬುದಕ್ಕೆ ಯೂರೋಪಿನ ಪಂಡಿತನ ಸಾಕ್ಷ್ಯವೂ ಅವಶ್ಯಕವಿಲ್ಲ. ಕನ್ನಂಬಾಡಿಯ ಕಟ್ಟೆಯ ಮೇಲೆ ನಿಂತರೆ ಸಾಕು. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಪೂರ್ಣವಾದ ಕೃಷ್ಣರಾಜಸಾಗರದ ಹಿಂದೆ ಹಳೆಯ ಕನ್ನಂಬಾಡಿಯೂ ಅದರ ಸುತ್ತಣ ಊರುಗಳೂ ನೀರಿನಲ್ಲಿ ಮುಳುಗಿದುವು. ಮುಂದೆ ವಿಶ್ವೇಶ್ವರಯ್ಯ ನಾಲೆ ಹರಿದಲ್ಲೆಲ್ಲ ಕಬ್ಬು ಬತ್ತಗಳು ಬಂದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪಿತವಾಯಿತು. ಒಂದೇ ವರ್ಷ ಹುಟ್ಟಿದ ಇಬ್ಬರು ಬಾಲಕರಲ್ಲಿ ಒಬ್ಬನು ತಂದೆಯ ಹಿಂದೆ ಗಂಟುಮೂಟೆ ಹೊತ್ತು ಊರು ಬಿಟ್ಟು ನಡೆದನು; ಮತ್ತೊಬ್ಬನು ಆ ನೀರಿನಿಂದಲೇ ಹಸುರಾದ ಗದ್ದೆಯ ಬದುವಿನ ಮೇಲೆ ಬೆಳೆದನು. ಕಟ್ಟೆಯೆಂದೊಡನೆ ಒಬ್ಬನಿಗೆ ನೆನಪಾಗುವುದು ಮುಳುಗಿದ ಮನೆ, ಮತ್ತೊಬ್ಬನಿಗೆ ತುಂಬಿದ ಕಣಜ. ಇವರನ್ನು ಒಂದು ತಲೆಮಾರೆಂದು ಕರೆದು ಒಂದೇ ಸ್ವಭಾವವನ್ನು ಇಬ್ಬರಿಗೂ ಆರೋಪಿಸುವವನು ಅಣೆಕಟ್ಟನ್ನೂ ಕಾಣಲಿಲ್ಲ, ಮನುಷ್ಯರನ್ನೂ ಕಾಣಲಿಲ್ಲ.

ಆ ಭೇದ ಈಗಲೂ ಅಳಿದಿಲ್ಲ. ಮೊದಲು ಹೆಸರಿಸಿದ ನಾಲ್ಕು ತಾಲ್ಲೂಕುಗಳಲ್ಲಿ ಶ್ರೀರಂಗಪಟ್ಟಣ ಪಾಂಡವಪುರಗಳ ಬಹುಭಾಗಕ್ಕೆ ಕಾವೇರಿಯ ನಾಲೆಗಳ ಆಸರೆಯುಂಟು. ಕೃಷ್ಣರಾಜಪೇಟೆಯ ಒಂದು ಭಾಗಕ್ಕೆ ಮಂದಗೆರೆ ಹೇಮಗಿರಿಗಳ ಹಳೆಯ ಅಣೆಗಳಿಂದ ಹೇಮಾವತಿಯ ನೀರುಂಟು. ನಾಗಮಂಗಲವೋ ಬಹುಮಟ್ಟಿಗೆ ಮಳೆಯನ್ನೂ ಕೆರೆಯನ್ನೂ ನಂಬಿ ರಾಗಿ ಹುರುಳಿಗಳನ್ನು ಬೆಳೆಯುವ ನಾಡು. ಒಂದೇ ದಿನ ಬಿತ್ತಿದ ರಾಗಿ ಕೆರೆಯ ಹಿಂದಣ ಮಣ್ಣಿನಲ್ಲಿ ಒಂದು ಬಗೆಯಾಗಿಯೂ ಕಲ್ಲುಹೊಲದಲ್ಲಿ ಇನ್ನೊಂದು ಬಗೆಯಾಗಿಯೂ ತೆನೆ ಬಿಡುವುದನ್ನು ಬಲ್ಲ ರೈತನಿಗೆ, ಬಿತ್ತಿದ ದಿನವನ್ನು ನೋಡಿ ಬೆಳೆಯನ್ನು ಹೇಳುವ ಪಂಡಿತನು ಹಾಸ್ಯಾಸ್ಪದನಾಗಿಯೇ ಕಂಡಾನು. 1985ರಲ್ಲಿ ಈ ಸೀಮೆಯಲ್ಲಿ ಹುಟ್ಟಿದವರಲ್ಲಿ ಒಬ್ಬಳು ಹತ್ತನೆಯ ತರಗತಿ ಮುಗಿಯುತ್ತಲೇ ಮದುವೆಯಾಗಿ ಈಗ ಪಿ.ಯು.ಸಿ. ಓದುವ ಮಗನ ತಾಯಿಯಾಗಿರಬಹುದು. ಒಬ್ಬನು ಇಂಜಿನಿಯರಿಂಗ್ ಓದಿ ಬೆಂಗಳೂರಿನ ಬಹುಮಹಡಿ ಮನೆಯಲ್ಲಿ ಮೂರು ವರ್ಷದ ಮಗುವನ್ನು ಆಡಿಸುತ್ತಿರಬಹುದು. ಮತ್ತೊಬ್ಬನು ಮುಂಬಯಿಗೆ ಹೋಗಿ ಹೋಟೆಲು ಕೆಲಸದಲ್ಲಿ ಆಯುಸ್ಸಿನ ಅರ್ಧವನ್ನು ಸವೆಸಿರಬಹುದು. ಕೃಷ್ಣರಾಜಪೇಟೆ ನಾಗಮಂಗಲಗಳಿಂದ ಮುಂಬಯಿಗೆ ಹೋದವರು ಎಷ್ಟು ಮಂದಿಯೆಂಬುದು ನಾಡಿಗೆಲ್ಲ ತಿಳಿದುದು 2020ರ ಮೇ ತಿಂಗಳಲ್ಲಿ, ಕೊರೊನಾ ಭೀತಿಯಿಂದ ಅವರು ಹೆಂಡಿರುಮಕ್ಕಳೊಡನೆ ಹಿಂದಿರುಗಿ ಶಾಲೆ ಹಾಸ್ಟೆಲುಗಳ ಕೊಠಡಿಗಳಲ್ಲಿ ಕ್ವಾರಂಟೈನ್ ಆದಾಗ. ಸ್ವಂತ ಊರಿನವರೇ ಅವರನ್ನು ಕಂಡು ದೂರ ಸರಿದ ಆ ದಿನಗಳಲ್ಲಿ, ಸರಿದವರೂ ಸರಿಸಲ್ಪಟ್ಟವರೂ ಒಂದೇ ತಲೆಮಾರಿಗೆ ಸೇರಿದವರೆಂಬ ಬಾಂಧವ್ಯ ಯಾರಿಗೂ ಒದಗಿ ಬರಲಿಲ್ಲ.

ಇಷ್ಟಲ್ಲದೆ, ಹೀಗೆ ದುಡಿಮೆಗಾಗಿ ದೂರ ಹೋದವರ ಎಷ್ಟೋ ಮನೆಗಳಲ್ಲಿ ಮಗುವಿಗೆ ಬೆಳಗ್ಗೆ ಎದ್ದು ರೊಟ್ಟಿ ತಟ್ಟಿ ಕೊಡುವವಳೂ, ಜ್ವರ ಬಂದ ರಾತ್ರಿ ಪಕ್ಕದಲ್ಲಿ ಎಚ್ಚರವಾಗಿರುವವಳೂ, ಶಾಲೆಯ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಬರುವವಳೂ ಅಜ್ಜಿಯೇ. ‘ಮಿಲೇನಿಯಲ್ ತಾಯ್ತಂದೆಗಳ’ ಲಕ್ಷಣಗಳನ್ನು ಪಟ್ಟಿಮಾಡುವವರು ಈ ಮುದುಕಿಯನ್ನು ಯಾವ ಪಟ್ಟಿಯಲ್ಲಿ ಸೇರಿಸುವರು? ಅವಳು ಹುಟ್ಟಿದ ವರ್ಷವನ್ನು ನೋಡಿದರೆ ಒಂದು ತಲೆಮಾರು, ಮಾಡುವ ಕೆಲಸವನ್ನು ನೋಡಿದರೆ ಇನ್ನೊಂದು. ಪಟ್ಟಿ ಅವಳನ್ನು ಕಾಣುವುದೇ ಇಲ್ಲ. ಕಂಡರೂ ಮೂಢನಂಬಿಕೆಯ ಉದಾಹರಣೆಯಾಗಿ ಮಾತ್ರ ಕಾಣುತ್ತದೆ.

ಹಿರಿಯರಿಗೆ ಆಗುತ್ತಿರುವ ಅಪಚಾರದ ಮಾತು ಬಂದುದರಿಂದ ಅದನ್ನೇ ಮುಂದುವರಿಸುವೆನು. ಹಿಂದಿನವರು ಕಠೋರರು, ಪ್ರೀತಿಯನ್ನು ಬಾಯಿಬಿಟ್ಟು ಆಡಲರಿಯದವರು, ಪ್ರಶ್ನಿಸುವುದನ್ನು ಸಹಿಸದವರು; ಮೃದುತ್ವವೂ ವಿಚಾರವೂ ನಮ್ಮೊಡನೆ ಹುಟ್ಟಿದುವು ಎಂಬುದು ಈ ಮತದ ಮೂಲಶ್ರದ್ಧೆ. ಕೃಷ್ಣರಾಜಪೇಟೆ ತಾಲ್ಲೂಕು ಒಂದೇ ಇದನ್ನು ಸುಳ್ಳು ಮಾಡಲು ಶಕ್ತವಾಗಿದೆ. ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರು 1942ರಲ್ಲಿ ‘ಮೈಸೂರು ಮಲ್ಲಿಗೆ’ಯನ್ನು ಹೊರತಂದು, ಕೈಹಿಡಿದ ಹೆಂಡತಿಯ ಮೇಲಣ ಪ್ರೇಮವನ್ನು ನಾಡಿಗೆ ನಾಡೇ ಹಾಡಿಕೊಳ್ಳುವಂತೆ ಹೇಳಿದರು. ಗಂಡಸು ಮನೆಯೊಳಗಿನ ಒಲವನ್ನು ಬಹಿರಂಗವಾಗಿ ಆಡುವುದನ್ನು ತಾವೇ ಕಲಿಸಿದೆವೆಂದು ಬೀಗುವ ಇಂದಿನ ಯುವ ಗೃಹಸ್ಥರು ಆ ಇಸವಿಯನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ತೊಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ, ‘ದೇವರು’ ಎಂಬ ಗ್ರಂಥವನ್ನು ಪ್ರಕಟಿಸಿ, ದೇವರ ಅಸ್ತಿತ್ವವನ್ನೇ ವಿಚಾರದ ಒರೆಗೆ ಹಚ್ಚಿದರು. ಅವರ ಮೊಮ್ಮಕ್ಕಳ ವಯಸ್ಸಿನವರು ಆ ಹೊತ್ತಿನಲ್ಲಿ ಪರೀಕ್ಷೆಗೆ ಮುಂಚೆ ಗುಡಿಗೆ ಹೋಗಿ ಹರಕೆ ಹೊರುತ್ತಿದ್ದರು. ಸಂಶಯಿಸುವ ಧೈರ್ಯ ಯಾವ ತಲೆಮಾರಿನ ಸ್ವತ್ತೆಂದು ನಿರ್ಣಯಿಸೋಣ? ಇನ್ನು ಮಗುವನ್ನು ಹೊಡೆಯದೆ, ಹೆದರಿಸದೆ, ಆಟದಿಂದಲೂ ಪ್ರಕೃತಿಯಿಂದಲೂ ಕಲಿಸಬೇಕೆಂಬ ಪ್ರಯೋಗವನ್ನು ಪುತ್ತೂರಿನ ಬಾಲವನದಲ್ಲಿ ಕೈಗೊಂಡ ಶಿವರಾಮ ಕಾರಂತರು ಹುಟ್ಟಿದುದು 1902ರಲ್ಲಿ.

ಇವರು ಅಸಾಧಾರಣರು, ಸಾಮಾನ್ಯರ ಮಾತನ್ನು ಹೇಳಿರಿ ಎಂದರೆ ಅದನ್ನೂ ಹೇಳಬಹುದು. 1985ರಲ್ಲಿ ದೇಶದ ಸಾರ್ವತ್ರಿಕ ಲಸಿಕೆಯ ಕಾರ್ಯಕ್ರಮ ಪ್ರಾರಂಭವಾಗಿ ಮುಂದಿನ ವರ್ಷಗಳಲ್ಲಿ ಹಳ್ಳಿಹಳ್ಳಿಗೂ ಹರಡಿದಾಗಲೂ, 1995ರಿಂದ ಪಲ್ಸ್ ಪೋಲಿಯೊ ದಿನಗಳು ಬಂದಾಗಲೂ, ಕಂಕುಳಲ್ಲಿ ಕೂಸನ್ನೆತ್ತಿಕೊಂಡು, ಕೂಲಿ ಬಿಟ್ಟು, ಮೈಲಿಗಟ್ಟಲೆ ನಡೆದು ಆರೋಗ್ಯ ಕೇಂದ್ರದ ಮುಂದೆ ಕಾದವರು ಓದುಬರಹ ಬಾರದ ತಾಯಂದಿರು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಿತವಾದುದರಲ್ಲಿ ಅವರ ಕಾಲುಗಳ ಶ್ರಮವಿದೆ. ಅಂದು ಸೂಜಿಮದ್ದು ಹಾಕಿಸಿಕೊಂಡು ಅತ್ತ ಕೂಸುಗಳೇ ಇಂದು ‘ನಮ್ಮ ಹೆತ್ತವರಿಗೆ ಮಕ್ಕಳನ್ನು ಬೆಳೆಸುವ ವಿಜ್ಞಾನ ತಿಳಿದಿರಲಿಲ್ಲ’ ಎಂದು ನಗುತ್ತಿರುವುದು. ಮಕ್ಕಳಿಗೆ ಶಾಲೆಯಲ್ಲಿ ದೈಹಿಕಶಿಕ್ಷೆ ಕೊಡಕೂಡದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಬರೆದವರೂ, ಬೆತ್ತದ ಏಟು ತಿಂದೇ ಬೆಳೆದರೆಂದು ಹೇಳಲಾಗುವ ಆ ಹಿರಿಯರೇ. ಅಪ್ಪನ ಬೆತ್ತ ಸುಳ್ಳೆಂದು ನಾನು ಹೇಳುತ್ತಿಲ್ಲ. ಹೊಡೆದ ಅಪ್ಪಂದಿರು ಇದ್ದರು, ಇಂದಿಗೂ ಇದ್ದಾರೆ. ಹೊಡೆಯದ ಅಪ್ಪಂದಿರು ಅಂದೂ ಇದ್ದರು. ಕೈಯೆತ್ತಿದುದು ಒಬ್ಬ ಮನುಷ್ಯ. ಅದರ ಅಪರಾಧವನ್ನು ಒಂದು ತಲೆಮಾರಿಗೆಲ್ಲ ಹಂಚಿದರೆ, ಹೊಡೆದವನು ಅರ್ಧ ಪಾರಾಗುತ್ತಾನೆ, ಹೊಡೆಯದವನು ಅರ್ಧ ಕಳಂಕಿತನಾಗುತ್ತಾನೆ.

ಹಿರಿಯರನ್ನು ತೆಗಳುವುದರ ಮಗ್ಗುಲಲ್ಲಿಯೇ ಆತ್ಮಪ್ರಶಂಸೆಯೂ ಕುಳಿತಿರುತ್ತದೆ. ನಾವು ಉದಾರರು, ಸಮಾನತೆಯನ್ನು ಬಲ್ಲವರು, ಹೆಣ್ಣು ಗಂಡೆಂಬ ಭೇದವಿಲ್ಲದೆ ಮಕ್ಕಳನ್ನು ಸಾಕುವವರು ಎಂದು ಈ ವಯಸ್ಸಿನ ತಾಯ್ತಂದೆಗಳು ತಮ್ಮನ್ನು ವರ್ಣಿಸಿಕೊಳ್ಳುವರಷ್ಟೆ. 2023ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಪೋಲೀಸರು ಭೇದಿಸಿದ ಜಾಲವೊಂದು, ಮಂಡ್ಯದ ಸಮೀಪದ ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಜಾಗದಲ್ಲಿ, ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ನೋಡಿ ಹೇಳುತ್ತಿದ್ದ ಸಂಗತಿ ಬಯಲಾಯಿತು. ಅದರ ಮರುವರ್ಷವೇ, 2024ರ ಮೇ ತಿಂಗಳಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೇ ಇಂತಹ ಭ್ರೂಣಹತ್ಯೆಯ ಪ್ರಕರಣ ಬೆಳಕಿಗೆ ಬಂದಿತು. 1994ರ ಕಾಯಿದೆ ನಿಷೇಧಿಸಿರುವ ಈ ಕೃತ್ಯಕ್ಕೆ ರಾತ್ರಿಯ ವೇಳೆ ಕಾರು ಮಾಡಿಕೊಂಡು ಹೋದವರು ಯಾವ ವಯಸ್ಸಿನವರು? ಮಗು ಹೆರುವ ವಯಸ್ಸಿನವರು. ಎಂದರೆ, ಉದಾರರೆಂದೂ ಸಮಾನತಾವಾದಿಗಳೆಂದೂ ಹೊಗಳಿಸಿಕೊಳ್ಳುತ್ತಿರುವ ತಲೆಮಾರಿನವರೇ. ಎಲ್ಲರೂ ಹಾಗಲ್ಲವೆಂದು ಅವರು ಕೂಡಲೆ ಪ್ರತಿಭಟಿಸುವರು. ಸರಿಯಾದ ಮಾತು, ನನ್ನ ವಾದವೂ ಅದೇ. ತಮ್ಮ ವಿಷಯದಲ್ಲಿ ಬೇಡುವ ಈ ವಿವೇಚನೆಯನ್ನು ತಮ್ಮ ಹೆತ್ತವರ ವಿಷಯದಲ್ಲಿಯೂ ತಮ್ಮ ಮಕ್ಕಳ ವಿಷಯದಲ್ಲಿಯೂ ಏಕೆ ತೋರಬಾರದು?

ಈ ಮತ ಹೇಳುವ ಇನ್ನೊಂದು ಲಕ್ಷಣವನ್ನೂ ಪರೀಕ್ಷಿಸೋಣ. ಈ ತಲೆಮಾರಿನವರು ಮದುವೆಯನ್ನು ಮುಂದಕ್ಕೆ ಹಾಕುವರು, ಸಂಸಾರದ ಭಾರವನ್ನು ಒಲ್ಲರು ಎಂಬುದು ಪಟ್ಟಿಯ ಒಂದು ಪ್ರಸಿದ್ಧವಾದ ಬಾಬು. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗ ವಧೂವರರ ಸಮಾವೇಶ ನಡೆದಾಗ ಹೆಣ್ಣುಗಳು ಕೆಲವೇ ನೂರರಷ್ಟೂ ಗಂಡುಗಳು ಹತ್ತು ಸಾವಿರಕ್ಕೂ ಮಿಕ್ಕಿಯೂ ನೆರೆದರೆಂದು ಪತ್ರಿಕೆಗಳು ವರದಿಮಾಡಿದುವು. ಮರುವರ್ಷ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ, ಮೂವತ್ತು ದಾಟಿಯೂ ಹೆಣ್ಣು ಸಿಕ್ಕದ ಯುವಕರು ‘ಬ್ರಹ್ಮಚಾರಿಗಳ ಪಾದಯಾತ್ರೆ’ ಎಂದು ಹೊರಟು, ಕಂಕಣಭಾಗ್ಯವನ್ನು ಬೇಡುತ್ತ ಮಾದಪ್ಪನ ಬೆಟ್ಟಕ್ಕೆ ನಡೆದುಹೋದರು. ಸಂಸಾರವನ್ನು ಒಲ್ಲೆನೆನ್ನುವವನು ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಕಾಲ್ನಡೆಯಲ್ಲಿ ತುಳಿಯುವುದುಂಟೆ? ಇವರ ಅವಿವಾಹಿತಸ್ಥಿತಿಗೆ ಕಾರಣ ತಲೆಮಾರಿನ ಮನೋಧರ್ಮದಲ್ಲಿಲ್ಲ. ಬೇಸಾಯದಲ್ಲಿ ಬೆಲೆಯಿಲ್ಲ, ಸಾಲ ತೀರದು, 2015ರ ಬೇಸಗೆ ಮಳೆಗಾಲಗಳಲ್ಲಿ ಕಬ್ಬಿನ ಬಾಕಿಗೆ ಕಾದು ಸೋತು ಪ್ರಾಣ ಬಿಟ್ಟ ರೈತರ ಮನೆಗಳನ್ನು ಈ ಜಿಲ್ಲೆಯ ಹೆಣ್ಣುಮಕ್ಕಳು ಕಣ್ಣಾರೆ ಕಂಡಿದ್ದಾರೆ. ಓದಿದ ಹುಡುಗಿ ಸಗಣಿ ಬಾಚುವ ಕೊಟ್ಟಿಗೆಗಿಂತ ಸಂಬಳ ಬರುವ ಪಟ್ಟಣವನ್ನು ಬಯಸುವಳು. ಅದರ ಮೇಲೆ, ಹೆಣ್ಣು ಬೇಡವೆಂದು ಹಿಂದೆಯೂ ಗರ್ಭದಲ್ಲಿಯೇ ಲೆಕ್ಕ ಮುಗಿಸಿದವರಿದ್ದರು. ಈ ಕಾರಣಗಳಿಗೆಲ್ಲ ಹೆಸರುಗಳುಂಟು, ಪರಿಹಾರಗಳೂ ಉಂಟು. ಅವುಗಳ ಮೇಲೆ ‘ಮಿಲೇನಿಯಲ್’ ಎಂಬ ಒಂದು ಹೊದಿಕೆಯನ್ನು ಹೊದಿಸಿದೊಡನೆ ಕಬ್ಬಿನ ಬಾಕಿಯೂ ಮರೆಯಾಗುತ್ತದೆ, ಸ್ಕ್ಯಾನಿಂಗ್ ಯಂತ್ರವೂ ಮರೆಯಾಗುತ್ತದೆ. ವರ ಸಾಲದೆ ಹೋದ ಕಾಲದಲ್ಲಿ ಹೆಣ್ಣನ್ನು ಭಾರವೆಂದವರೂ, ವಧು ಸಾಲದೆ ಹೋದ ಕಾಲದಲ್ಲಿ ಹೆಣ್ಣುಭ್ರೂಣವನ್ನು ಕಳೆದುಕೊಳ್ಳುವವರೂ ಬೇರೆ ಬೇರೆ ತಲೆಮಾರುಗಳವರು. ಆಸ್ತಿಯ ಮತ್ತು ವರದಕ್ಷಿಣೆಯ ಲೆಕ್ಕ ಮಾತ್ರ ಎರಡು ಕಡೆಯೂ ಒಂದೇ.

ಇನ್ನು ಮಗುವಿನ ಮಾತು. ‘ಆಲ್ಫಾ’ ಮಕ್ಕಳು ಮೊಬೈಲು ಹಿಡಿದೇ ಹುಟ್ಟಿದವರು, ಅವರಿಗೆ ತಾಳ್ಮೆಯಿಲ್ಲ, ಪುಸ್ತಕ ರುಚಿಸದು ಎನ್ನುವರು. ಯಾವ ಮಗುವೂ ತಾನಾಗಿ ಅಂಗಡಿಗೆ ಹೋಗಿ ಮೊಬೈಲು ಕೊಂಡು ತಂದುದನ್ನು ನಾನು ಕೇಳಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಅದರಲ್ಲಿಯೇ ಎಂದು ಮಗುವಿನ ಕೈಗೆ ಅದನ್ನು ಇತ್ತವರು ದೊಡ್ಡವರು. ಶಾಲೆ ತೆರೆದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಶ್ರಮವನ್ನು ಪಡದವರೂ ದೊಡ್ಡವರೇ. ಊಟ ಬೇಗ ಮುಗಿಯಲೆಂದು, ತಾನು ಫೋನಿನಲ್ಲಿ ಮುಳುಗಿರುವಾಗ ಮಗು ಪೀಡಿಸದಿರಲೆಂದು ಪ್ರತಿದಿನವೂ ತಾಯ್ತಂದೆಗಳೇ ಮಾಡಿದ ಒಪ್ಪಂದಗಳ ಫಲವನ್ನು ಮಗುವಿನ ಜನ್ಮಲಕ್ಷಣವೆಂದು ಬರೆಯುವುದು ಎಷ್ಟು ಅನುಕೂಲವೋ ಅಷ್ಟೇ ಅಧರ್ಮ. ಮಗುವಿಗೆ ಎಂಟು ವರ್ಷ ತುಂಬುವ ಮುಂಚೆಯೇ ‘ನಿಮ್ಮ ತಲೆಮಾರಿಗೆ ಓದುವ ಅಭ್ಯಾಸವಿಲ್ಲ’ ಎಂದು ನಾಲ್ಕು ಜನರೆದುರಿಗೆ ನಗೆಯಾಡಿದರೆ, ಓದದಿರುವುದೇ ತನ್ನ ಧರ್ಮವೆಂದು ಅದು ನಂಬಿಕೊಳ್ಳುವುದು. ಮಕ್ಕಳು ನಮ್ಮ ಬುದ್ಧಿವಾದವನ್ನು ಮರೆತಾರು, ನಾವು ಅವರನ್ನು ಕುರಿತು ಇತರರೊಡನೆ ಆಡಿದುದನ್ನು ಮರೆಯರು. ಕೃಷ್ಣರಾಜಪೇಟೆಯ ಸರ್ಕಾರಿ ಶಾಲೆಯಲ್ಲಿ ಓದಿ, ಸಂಜೆ ಎಮ್ಮೆಗೆ ಹುಲ್ಲು ತಂದು, ರಾತ್ರಿ ಅಜ್ಜಿಯ ಬಳಿ ಮಲಗುವ ಹುಡುಗಿಗೂ, ಬೆಂಗಳೂರಿನ ಬಹುಮಹಡಿ ಮನೆಯಲ್ಲಿ ವಾರಕ್ಕೆ ಐದು ಟ್ಯೂಷನ್ನುಗಳ ನಡುವೆ ಉಸಿರು ಹಿಡಿದಿರುವ ಹುಡುಗನಿಗೂ ಒಂದೇ ಹೆಸರನ್ನಿಟ್ಟವರಿಗೆ ಆ ಇಬ್ಬರಲ್ಲಿ ಒಬ್ಬರ ಪರಿಚಯವೂ ಇರಲಾರದು. ತಲೆಮಾರನ್ನು ತಿಳಿದರೆ ಮಗುವನ್ನು ತಿಳಿದಂತೆಂಬ ನಾಲ್ಕನೆಯ ಯುಕ್ತಿ ಇಲ್ಲಿಗೆ ನಿಲ್ಲುತ್ತದೆ.

ಮನಸ್ಸಿಗೆ ಸಮಾಧಾನವಾಗುವುದೆಂಬ ಯುಕ್ತಿ ಉಳಿದಿದೆ. ಸಮಾಧಾನವಾಗುವುದು ನಿಜ, ಅದಕ್ಕಾಗಿಯೇ ಅದು ಅಪಾಯಕರ. ತಾನು ಮಗುವಿಗೆ ಹೆದರುತ್ತೇನೆಂದು ತಂದೆಯೊಬ್ಬನು ಒಂಟಿಯಾಗಿ ಕುಳಿತು ಒಪ್ಪಿಕೊಂಡರೆ ಅವನಿಗೆ ನಾಚಿಕೆಯಾದೀತು, ನಾಚಿಕೆಯಿಂದ ವಿಚಾರ ಹುಟ್ಟೀತು, ವಿಚಾರದಿಂದ ನಾಳೆಯ ನಡತೆ ತಿದ್ದೀತು. ಅದನ್ನೇ ಕೋಟಿ ಜನರ ಸಮಾನಲಕ್ಷಣವೆಂದು ನಗುತ್ತ ಸಾರಿಕೊಂಡಾಗ ನಾಚಿಕೆಯೂ ಹೋಯಿತು, ತಿದ್ದುವ ದಾರಿಯೂ ಹೋಯಿತು. ಅಜ್ಜಿ ತಾಯಿಯರ ವೈಮನಸ್ಯಕ್ಕೂ ಈ ಮದ್ದು ತಗುಲದು. ಎಣ್ಣೆ ನೀರು ಹಾಕಬೇಕೆ ಬೇಡವೆ, ರಾಗಿ ಸರಿಯೊ ಡಬ್ಬಿಯ ಹಿಟ್ಟೊ ಎಂಬ ಪ್ರಶ್ನೆಗೆ ಸರಿಯಾದ ಉತ್ತರವೊಂದುಂಟು. ಅದನ್ನು ವೈದ್ಯನನ್ನು ಕೇಳಿಯೋ ಕೂಸಿನ ಮೈಯನ್ನು ನೋಡಿಯೋ ಕಂಡುಕೊಳ್ಳಬಹುದು. ‘ಅವರು ಆ ಕಾಲದವರು ಬಿಡಿ’ ಎಂದು ತಳ್ಳಿದರೆ ಪ್ರಶ್ನೆಯೂ ಬಗೆಹರಿಯದು, ಅಜ್ಜಿಯ ಮನಸ್ಸೂ ಉಳಿಯದು.

ಹಾಗಾದರೆ ಕಾಲಕ್ಕೆ ಪ್ರಭಾವವೇ ಇಲ್ಲವೆ? ಬೇಕಾದಷ್ಟುಂಟು. ಆದರೆ ಕಾಲವು ಕೆಲಸ ಮಾಡುವುದು ಘಟನೆಗಳ ಮೂಲಕ, ಅನುಕೂಲಗಳ ಮೂಲಕ, ಅಭಾವಗಳ ಮೂಲಕ. ಮತ್ತು ಅವು ಎಲ್ಲರನ್ನೂ ಸಮವಾಗಿ ಮುಟ್ಟುವುದಿಲ್ಲ. 1991ರ ಡಿಸೆಂಬರಿನ ಕಾವೇರಿ ಗಲಭೆ ಈ ಸೀಮೆಯ ಅನೇಕ ಬಾಲ್ಯಗಳ ಮೇಲೆ ಗುರುತು ಬಿಟ್ಟಿತು. ಅದೇ ವರ್ಷ ಆರಂಭವಾದ ಉದಾರೀಕರಣ ಕೆಲವರನ್ನು ಬೆಂಗಳೂರಿನ ಕಂಪ್ಯೂಟರಿನ ಮುಂದೆ ಕೂರಿಸಿತು, ಕೆಲವರನ್ನು ಅದೇ ಕಂಪನಿಯ ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿತು. ಹೇಳುವುದಾದರೆ ಗಲಭೆಯೆನ್ನೋಣ, ಬರವೆನ್ನೋಣ, ಉದ್ಯೋಗವೆನ್ನೋಣ, ಮೊಬೈಲೆನ್ನೋಣ. ಕಾರಣದ ಹೆಸರನ್ನು ಹೇಳಿದರೆ ಮುಂದಿನ ವಿಚಾರಕ್ಕೆ ಬಾಗಿಲು ತೆರೆಯುತ್ತದೆ. ತಲೆಮಾರಿನ ಹೆಸರನ್ನು ಹೇಳಿದರೆ ವಿಚಾರ ಅಲ್ಲಿಗೇ ಮುಗಿಯುತ್ತದೆ. ವ್ಯಾಪಾರಿಗಳಿಗೆ ಹೀಗೆ ಮುಗಿಯುವುದೇ ಹಿತ. ‘ಇಂದಿನ ತಲೆಮಾರಿನ ಮಕ್ಕಳಿಗಾಗಿ’ ಎಂದು ಬರೆದ ಆಟಿಕೆ, ಡಬ್ಬಿಯ ಆಹಾರ, ಟ್ಯೂಷನ್ನಿನ ಆಪು ಮಾರಬೇಕಾದವನಿಗೆ ಒಂದೊಂದು ಮಗುವನ್ನೂ ಬೇರೆಬೇರೆಯಾಗಿ ಅರಿಯುವ ವ್ಯವಧಾನವಿಲ್ಲ. ಮಕ್ಕಳನ್ನು ಸಗಟಾಗಿ ವಿಂಗಡಿಸಬೇಕಾದುದು ಅವನ ಕಸುಬು. ತಂದೆತಾಯಿಗಳ ಕಸುಬು ಬೇರೆ.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ, ಮತ್ತು ಇಲ್ಲಿಂದ ಹೊರಟು ಬೆಂಗಳೂರು ಮುಂಬಯಿಗಳಲ್ಲಿ ಮನೆ ಮಾಡಿರುವ, ಯುವ ತಾಯ್ತಂದೆಗಳಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ತಂದೆ ಹೊಡೆದಿದ್ದರೆ, ನನ್ನ ತಂದೆ ಹೊಡೆದರು ಎನ್ನಿ; ನಿಮ್ಮ ತಾಯಿ ಹಸಿದು ಓದಿಸಿದ್ದರೆ, ನನ್ನ ತಾಯಿ ಓದಿಸಿದರು ಎನ್ನಿ. ಮಗು ಹಟಮಾರಿಯಾಗಿದ್ದರೆ, ಅದರ ಹೆಸರನ್ನು ಹಿಡಿದು, ಅದರ ದಿನಚರಿಯನ್ನು ನೋಡಿ, ಅದರಲ್ಲಿ ನಿಮ್ಮ ಪಾಲೆಷ್ಟೆಂದು ಲೆಕ್ಕ ಹಾಕಿ. ಬೆಳಗ್ಗೆ ಬಂದು ಬೀಳುವ ಆ ಸಿದ್ಧವಾಕ್ಯವನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ, ಅದು ನಿಮ್ಮ ಅಪ್ಪನಿಗೆ ಒಪ್ಪುವುದೆ, ನಿಮ್ಮ ಮಗಳಿಗೆ ಒಪ್ಪುವುದೆ ಎಂದು ಒಮ್ಮೆ ಕೇಳಿಕೊಳ್ಳಿ. ತಲೆಮಾರುಗಳಿಗೆ ಮಕ್ಕಳಿಲ್ಲ, ಮಕ್ಕಳಿರುವುದು ತಾಯ್ತಂದೆಗಳಿಗೆ. ಅವರ ವಿಷಯದಲ್ಲಿ ಮಾಡಿದುದಕ್ಕೂ ಮಾಡದೆ ಬಿಟ್ಟುದಕ್ಕೂ ಉತ್ತರ ಹೇಳಬೇಕಾದವರು ಹೆತ್ತವರೇ ಹೊರತು ಅವರು ಹುಟ್ಟಿದ ಇಸವಿಯಲ್ಲ.